ಪುಟದಲ್ಲಿ ಕಾಣದವರು

ಅಚ್ಚಾದ ನಾಟಕದ ಯಾವ ಪುಟ ತೆರೆದರೂ ಎಡಬದಿಗೆ ಒಂದು ಹೆಸರು, ಅದರ ಮುಂದೆ ಎರಡು ಚುಕ್ಕಿ, ಆಮೇಲೆ ಮಾತು. ಓದುವಾಗ ಆ ಹೆಸರನ್ನು ಯಾರೂ ನಿಂತು ನೋಡುವುದಿಲ್ಲ. ಯಾರ ಮಾತು ಅನ್ನುವುದು ತಿಳಿದರೆ ಸಾಕು, ಕಣ್ಣು ಮುಂದಕ್ಕೆ ಓಡುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ವನ್ನು ಮತ್ತೊಮ್ಮೆ ಓದಲು ಕೂತಾಗ ಮಾತ್ರ ನನ್ನ ಕಣ್ಣು ಆ ಹೆಸರಿನ ಮೇಲೆಯೇ ನಿಂತುಬಿಟ್ಟಿತು.

ಕತೆ ಬಹಳ ಜನಕ್ಕೆ ಗೊತ್ತಿರುವುದೇ. ದೇವದತ್ತ ಕವಿ, ಓದಿಕೊಂಡವನು. ಕಪಿಲ ಅವನ ಜೀವದ ಗೆಳೆಯ, ಕಸರತ್ತು ಮಾಡಿದ ಮೈಕಟ್ಟಿನವನು. ಪದ್ಮಿನಿ ಮದುವೆಯಾಗುವುದು ದೇವದತ್ತನನ್ನು, ಅವಳ ಕಣ್ಣು ಹೋಗುವುದು ಕಪಿಲನ ಕಡೆಗೆ. ಕಾಳಿಯ ಗುಡಿಯಲ್ಲಿ ಒಬ್ಬನ ಹಿಂದೆ ಒಬ್ಬ ತಲೆ ಕಡಿದುಕೊಳ್ಳುತ್ತಾರೆ. ದೇವಿ ಪ್ರತ್ಯಕ್ಷಳಾಗಿ ತಲೆಗಳನ್ನು ಮುಂಡಗಳಿಗೆ ಹೊಂದಿಸು ಎಂದಾಗ ಪದ್ಮಿನಿಯ ಕೈಯಲ್ಲಿ ಅವು ಅದಲುಬದಲಾಗುತ್ತವೆ. ಈಗ ಎದ್ದು ನಿಂತ ಇಬ್ಬರಲ್ಲಿ ಅವಳ ಗಂಡ ಯಾರು? ಮದುವೆಯಲ್ಲಿ ಅವಳ ಕೈ ಹಿಡಿದ ಕೈ ಒಬ್ಬನ ಹತ್ತಿರ ಇದೆ, ಅವಳಿಗಾಗಿ ಪದ್ಯ ಕಟ್ಟಿದ ತಲೆ ಇನ್ನೊಬ್ಬನ ಹತ್ತಿರ ಇದೆ. ನಾಟಕದ ಜೀವವೆಲ್ಲ ಈ ಪ್ರಶ್ನೆಯಲ್ಲಿದೆ. ಪುಸ್ತಕದ ಮುಂದಿನ ಪುಟಕ್ಕೆ ಹೋದರೆ ಎಡಬದಿಗೆ ಮತ್ತೆ ‘ದೇವದತ್ತ’, ಅದರ ಕೆಳಗೆ ಮತ್ತೆ ‘ಕಪಿಲ’. ತಲೆ ಯಾರದೋ ಹೆಸರು ಅವರದು. ಅಚ್ಚಿನಲ್ಲಿ ಏನಾದರೂ ಒಂದು ಹೆಸರು ಹಾಕಲೇಬೇಕು, ಬೇರೆ ದಾರಿಯಿಲ್ಲ. ಆದರೆ ಅದರಿಂದಾಗಿ, ತಲೆಯೇ ಪ್ರಧಾನ ಎಂದು ಋಷಿ ತೀರ್ಪು ಕೊಡುವ ಮೊದಲೇ ಪುಸ್ತಕ ತೀರ್ಪು ಕೊಟ್ಟಾಗಿರುತ್ತದೆ. ಓದುಗ ಅದನ್ನು ಒಪ್ಪಿಕೊಂಡು, ಒಪ್ಪಿಕೊಂಡಿದ್ದೇನೆ ಅನ್ನುವುದೂ ಗೊತ್ತಾಗದೆ, ಮುಂದೆ ಹೋಗಿರುತ್ತಾನೆ.

ರಂಗದ ಮೇಲೆ ಯಾರ ಎದೆಯ ಮೇಲೂ ಹೆಸರು ಬರೆದಿರುವುದಿಲ್ಲ. ದೇವದತ್ತನಿಗೆ ತಿಳಿಬಣ್ಣದ ಮುಖವಾಡ, ಕಪಿಲನಿಗೆ ಕಪ್ಪು ಬಣ್ಣದ್ದು. ನಾನು ನೋಡಿದ ಪ್ರಯೋಗದಲ್ಲಿ ನಟರಿಬ್ಬರು ಮುಖವಾಡಗಳನ್ನು ಬದಲಾಯಿಸಿಕೊಂಡರು. ಆಗ ಆದದ್ದು ಪುಸ್ತಕದಲ್ಲಿ ಆಗಿರಲಿಲ್ಲ. ದೇವದತ್ತನ ಮುಖ ಕಾಣುತ್ತಿತ್ತು, ಅದರ ಒಳಗಿನಿಂದ ಬಂದ ದನಿ ಅಲ್ಲಿಯವರೆಗೆ ಕಪಿಲನಾಗಿ ಆಡಿದ ನಟನದು. ದಪ್ಪ, ಒರಟು ದನಿ. ಅದು ಸಂಕೋಚದ, ನಯವಾದ ಮಾತುಗಳನ್ನು ಆಡುತ್ತಿತ್ತು. ಇವನನ್ನು ದೇವದತ್ತ ಎನ್ನಲೋ ಬೇಡವೋ ಎಂದು ನಾನು ನಿಜಕ್ಕೂ ತಡವರಿಸಿದೆ. ಪದ್ಮಿನಿಯಾಗಿದ್ದ ನಟಿ ಇಬ್ಬರ ನಡುವೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದಳು. ಇಡೀ ಸಭಾಂಗಣ ಅವಳ ಜೊತೆಗೇ ಕತ್ತು ತಿರುಗಿಸಿತು. ಆ ಹೊತ್ತಿಗೆ ಅವಳ ಬಾಯಲ್ಲಿ ಮಾತಿಲ್ಲ. ಇಬ್ಬರು ಗಂಡಸರು ವಾದಿಸುತ್ತಿದ್ದಾರೆ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಓದುವಾಗ ಅಲ್ಲಿ ಅವಳಿದ್ದಾಳೆ ಅನ್ನುವುದೇ ನನ್ನ ತಲೆಯಲ್ಲಿ ಇರಲಿಲ್ಲ.

ಓದಿಗೂ ನೋಟಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ನಾವು ಹೇಳುವುದು ಬೇರೆ: ಓದುವಾಗ ಕಲ್ಪನೆಗೆ ಅವಕಾಶ, ನೋಡುವಾಗ ಬೆಳಕು, ಬಣ್ಣ, ಸಂಗೀತದ ಸೊಗಸು. ಅದು ಸುಳ್ಳಲ್ಲ. ‘ಹಯವದನ’ದ ‘ಗಜವದನ ಹೇರಂಬ’ ಹಾಡನ್ನು ಬಿ.ವಿ. ಕಾರಂತರ ಧಾಟಿಯಲ್ಲಿ ಒಂದು ಸಲ ಕೇಳಿದವರಿಗೆ ಆಮೇಲೆ ಪುಸ್ತಕದಲ್ಲಿ ಆ ಸಾಲುಗಳನ್ನು ಸುಮ್ಮನೆ ಓದಲು ಆಗುವುದೇ ಇಲ್ಲ. ಆದರೂ ಅದು ಮೇಲಿನ ಮಾತು. ಮೂಲದ ಸಂಗತಿ ಏನೆಂದರೆ, ಪುಟದ ಮೇಲೆ ಒಬ್ಬ ಮನುಷ್ಯ ಬದುಕಿರುವುದು ಮಾತಾಡುವಷ್ಟು ಹೊತ್ತು ಮಾತ್ರ. ಮುಂದಿನ ಹೆಸರು ಬಂದ ಕೂಡಲೇ ಅವನು ಅಳಿಸಿಹೋಗುತ್ತಾನೆ. ರಂಗದ ಮೇಲಾದರೆ ಒಳಗೆ ಬಂದವನು ಹೊರಗೆ ಹೋಗುವವರೆಗೂ ಅಲ್ಲೇ ಇರುತ್ತಾನೆ, ಮಾತಾಡಲಿ ಬಿಡಲಿ. ಇನ್ನೊಬ್ಬರು ಮಾತಾಡುವಾಗ ಅವನು ಏನು ಮಾಡುತ್ತಾನೆ ಅನ್ನುವುದರಲ್ಲೇ ನಾಟಕದ ದೊಡ್ಡ ಪಾಲು ನಡೆಯುತ್ತದೆ.

ಇದು ನನಗೆ ತಿಳಿದದ್ದು ಪ್ರೇಕ್ಷಕರ ಕುರ್ಚಿಯಿಂದಲ್ಲ. ಕಾಲೇಜಿನಲ್ಲಿದ್ದಾಗ ನಮ್ಮ ತಂಡ ಕಾರ್ನಾಡರದೇ ‘ತುಘಲಕ್’ ಆಡಿತು. ನನಗೆ ಸಿಕ್ಕಿದ್ದು ಭಟನ ಪಾತ್ರ. ಮಾತಿಲ್ಲ. ಮೊದಮೊದಲು ಬರೀ ಓದು ನಡೆಯಿತು. ಖಾಲಿ ತರಗತಿಯಲ್ಲಿ ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಮಾತು ಓದುತ್ತಿದ್ದರು. ಸುಲ್ತಾನ ಮಹಮ್ಮದ, ಇತಿಹಾಸಕಾರ ಬರನಿ, ನಜೀಬ, ಮಲತಾಯಿ, ಅಜೀಜ, ಆಜಮ. ಭಟರಾದ ನಾವು ಗೋಡೆಗೆ ಒರಗಿ ಕೂತಿರುತ್ತಿದ್ದೆವು. ಓದಿನ ದಿನಗಳಲ್ಲಿ ನಾವಿಲ್ಲದಿದ್ದರೂ ನಾಟಕಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ. ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕ, ಶುರುವಾದ ದಿನ ಎಲ್ಲ ಬದಲಾಯಿತು. ನಿರ್ದೇಶಕರು ನಮ್ಮನ್ನು ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸಲೇಬೇಕಾಯಿತು. ಸಿಂಹಾಸನದ ಹಿಂದೆಯೋ, ಬಾಗಿಲ ಬಳಿಯೋ, ಸುಲ್ತಾನನ ಮುಖ ಕಾಣುವ ಹಾಗೋ, ಬೆನ್ನು ಮಾತ್ರ ಕಾಣುವ ಹಾಗೋ. ನಾವು ಎಲ್ಲಿ ನಿಂತೆವು ಅನ್ನುವುದರ ಮೇಲೆ ಸುಲ್ತಾನನ ಮಾತಿನ ತೂಕ ಬದಲಾಗುತ್ತಿತ್ತು. ಹತ್ತಿರ ನಿಂತರೆ ಅವನು ಕಾವಲಿನಲ್ಲಿರುವ ದೊರೆ. ದೂರ ನಿಂತರೆ ಒಂಟಿ ಮನುಷ್ಯ. ಮಾತು ಒಂದಕ್ಷರವೂ ಬದಲಾಗಿರಲಿಲ್ಲ.

ಆ ನಾಟಕದ ಆರನೆಯ ದೃಶ್ಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಮೀರರು, ಅಂದರೆ ದರಬಾರಿನ ಸರದಾರರು, ಸುಲ್ತಾನನನ್ನು ಕೊಲ್ಲಲು ಪ್ರಾರ್ಥನೆಯ ಹೊತ್ತನ್ನೇ ಆರಿಸಿಕೊಂಡಿದ್ದಾರೆ, ಯಾಕೆಂದರೆ ಆಗ ಯಾರ ಹತ್ತಿರವೂ ಆಯುಧ ಇರುವುದಿಲ್ಲ. ಸುಲ್ತಾನ ದರಬಾರಿನಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ಮಾತು, ತಾಮ್ರದ ನಾಣ್ಯದ ಮಾತು ಎಲ್ಲ ಆಡುತ್ತಾನೆ. ಅಷ್ಟರಲ್ಲಿ ಅಜಾನ್ ಕೇಳಿಸುತ್ತದೆ. ಎಲ್ಲರೂ ನಮಾಜಿಗೆ ಕೂರುತ್ತಾರೆ. ಅರ್ಧದಲ್ಲಿ ಅಮೀರರು ಎದ್ದು ಕಠಾರಿ ಹಿರಿಯುತ್ತಾರೆ. ಅದೇ ಗಳಿಗೆಗೆ ಬಚ್ಚಿಟ್ಟುಕೊಂಡಿದ್ದ ಹಿಂದೂ ಸೈನಿಕರು ಈಟಿ ಹಿಡಿದು ನುಗ್ಗುತ್ತಾರೆ. ಸಂಚು ಸುಲ್ತಾನನಿಗೆ ಮೊದಲೇ ಗೊತ್ತಿತ್ತು. ಇಷ್ಟೆಲ್ಲ ಗದ್ದಲದ ನಡುವೆ ಅವನು ಪ್ರಾರ್ಥನೆ ನಿಲ್ಲಿಸುವುದಿಲ್ಲ. ಮುಗಿಸಿ ಎದ್ದು, ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ತಾನೇ ಇರಿಯುತ್ತಾನೆ. ಸತ್ತ ಮೇಲೂ ಇರಿಯುತ್ತಲೇ ಇರುತ್ತಾನೆ. ಅವನು ಸತ್ತಿದ್ದಾನೆ ಎಂದು ಬರನಿ ಕೂಗಬೇಕಾಗುತ್ತದೆ.

ಪುಸ್ತಕದಲ್ಲಿ ಆ ನಮಾಜು ಕಂಸದೊಳಗಿನ ಕೆಲವು ಸಾಲು. ಎಷ್ಟು ನಿಧಾನಕ್ಕೆ ಓದಿದರೂ ಕೆಲವು ಕ್ಷಣದಲ್ಲಿ ಮುಗಿಯುತ್ತದೆ. ಮುಂದೆ ಏನಾಗುತ್ತದೋ ಎಂಬ ಆತುರದಲ್ಲಿ ಓದುಗ ಆ ಸಾಲುಗಳನ್ನು ಹಾರಿಸಿಬಿಡುವುದೂ ಉಂಟು. ರಂಗದ ಮೇಲೆ ಅದನ್ನು ಹಾರಿಸಲು ಬರುವುದಿಲ್ಲ. ಬಾಗಬೇಕು, ಮಂಡಿಯೂರಬೇಕು, ಹಣೆ ನೆಲಕ್ಕೆ ಹಚ್ಚಬೇಕು, ಮತ್ತೆ ಏಳಬೇಕು. ನಾನು ವಿಂಗಿನಲ್ಲಿ, ಕಪ್ಪು ಪರದೆಯ ಹಿಂದೆ, ಬೇಗಡೆ ಸುತ್ತಿದ ಬಿದಿರಿನ ಈಟಿ ಹಿಡಿದು ನಿಂತಿರುತ್ತಿದ್ದೆ. ಸ್ಪಿರಿಟ್ ಗಮ್ ಹಚ್ಚಿ ಅಂಟಿಸಿದ ಗಡ್ಡ ಬೆವರಿಗೆ ಕೆರೆಯುತ್ತಿತ್ತು, ಕೈ ಎತ್ತುವ ಹಾಗಿರಲಿಲ್ಲ. ನಮ್ಮ ಜೊತೆಗೆ ಪ್ರೇಕ್ಷಕರೂ ಕಾಯುತ್ತಿದ್ದರು. ಅಮೀರರ ನಿಲುವಂಗಿಯೊಳಗೆ ಕಠಾರಿಗಳಿವೆ ಅನ್ನುವುದು ಅವರಿಗೆ ಗೊತ್ತು, ಹಿಂದಿನ ದೃಶ್ಯದಲ್ಲೇ ಸಂಚಿನ ಮಾತಾಗಿದೆ. ಬಾಗಿದ ಬೆನ್ನುಗಳನ್ನು ಅವರು ಒಂದೊಂದಾಗಿ ನೋಡುತ್ತಿದ್ದರು, ಯಾವುದು ಮೊದಲು ಏಳುತ್ತದೆ ಎಂದು. ಆ ಹೊತ್ತನ್ನು ಕಾರ್ನಾಡರು ಬರೆಯಲಿಲ್ಲ, ಬರೆಯಲು ಸಾಧ್ಯವೂ ಇರಲಿಲ್ಲ. ಅವರು ಅದಕ್ಕೆ ಜಾಗ ಮಾಡಿಟ್ಟರು. ತುಂಬಿದ್ದು ನಟರ ಮೈ ಮತ್ತು ಪ್ರೇಕ್ಷಕರ ಕಾಯುವಿಕೆ.

ಅದೇ ನಾಟಕದಲ್ಲಿ ನನ್ನ ಮನಸ್ಸಿನಲ್ಲಿ ಇನ್ನೂ ಆಳವಾಗಿ ಕೂತದ್ದು ಎಂಟನೆಯ ದೃಶ್ಯ. ದೌಲತಾಬಾದಿನ ಕೋಟೆ, ರಾತ್ರಿ. ಇಬ್ಬರು ಕಾವಲುಗಾರರು, ಒಬ್ಬ ಮುದುಕ, ಒಬ್ಬ ಹುಡುಗ. ದಿಲ್ಲಿಯಿಂದ ಬರುವ ದಾರಿಯಲ್ಲಿ ಮುದುಕ ತನ್ನವರನ್ನು ಕಳೆದುಕೊಂಡಿದ್ದಾನೆ. ಆಮೇಲೆ ನಿದ್ದೆ ಬಾರದ ಸುಲ್ತಾನ ಅಲ್ಲಿಗೆ ಬರುತ್ತಾನೆ. ಹುಡುಗನ ವಯಸ್ಸು ಕೇಳುತ್ತಾನೆ. ಹತ್ತೊಂಬತ್ತು. ತಾನು ಇಪ್ಪತ್ತೊಂದರಲ್ಲಿ ಇದೇ ಕೋಟೆ ಕಟ್ಟಿಸಿದ್ದು, ಆಗ ಕಂಡ ಕನಸು, ಈಗ ಕೈಯಲ್ಲಿ ಉಳಿದದ್ದು, ಎಲ್ಲವನ್ನೂ ಆ ಹುಡುಗನ ಮುಂದೆ ತೋಡಿಕೊಳ್ಳುತ್ತಾನೆ. ಕನ್ನಡ ನಾಟಕದಲ್ಲಿ ಬಂದ ಅತಿ ದೊಡ್ಡ ಮಾತುಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಓದುವಾಗ ನಾನು ಸುಲ್ತಾನನೇ ಆಗಿಬಿಡುತ್ತಿದ್ದೆ. ಆ ಮಾತಿನ ಕಹಿ, ಆ ದಣಿವು ನನ್ನದೇ ಅನ್ನಿಸುತ್ತಿತ್ತು. ಕಾವಲುಗಾರ ಒಂದು ನೆಪ, ಸುಲ್ತಾನ ಮಾತಾಡಲು ಬೇಕಾದ ಒಂದು ಕಿವಿ, ಅಷ್ಟೇ.

ನಮ್ಮ ಪ್ರಯೋಗದಲ್ಲಿ ಆ ಪಾತ್ರ ಮಾಡಿದವನು ಮೊದಲ ವರ್ಷದ ಹುಡುಗ. ಮೀಸೆ ಚಿಗುರುತ್ತಿತ್ತು. ರಂಗದ ಅನುಭವ ಇರಲಿಲ್ಲ, ಹಾಗಾಗಿ ಅವನು ಏನನ್ನೂ ‘ಮಾಡಲಿಲ್ಲ’. ಸುಲ್ತಾನ ಮಾತಾಡುತ್ತಿದ್ದಷ್ಟು ಹೊತ್ತೂ ನೆಟ್ಟಗೆ ನಿಂತು, ದೊರೆಯ ಮುಖ ನೋಡಬಹುದೋ ಬಾರದೋ ಎಂದು ತಿಳಿಯದೆ ಒಮ್ಮೆ ನೋಡುತ್ತಿದ್ದ, ಒಮ್ಮೆ ಕಣ್ಣು ಇಳಿಸುತ್ತಿದ್ದ. ಈಟಿಯನ್ನು ಹಿಡಿದ ಬೆರಳುಗಳು ಬಿಗಿಯಾಗುತ್ತಿದ್ದವು. ಪ್ರತಿ ಸಂಜೆ ವಿಂಗಿನಿಂದ ನಾನು ನೋಡುತ್ತಿದ್ದದ್ದು ಅವನನ್ನೇ. ದೇಶದ ದೊರೆ ತನ್ನ ಎದೆ ಬಿಚ್ಚುತ್ತಿದ್ದಾನೆ, ಕೇಳುವವನಿಗೆ ಅದು ಅರ್ಥವಾಗುತ್ತಿಲ್ಲ. ಆದರೆ ಆ ಮಾತುಗಳಿಂದ ಹೊರಟ ಆಜ್ಞೆಗಳ ಭಾರ ಹೊತ್ತು ದಿಲ್ಲಿಯಿಂದ ಇಲ್ಲಿಯವರೆಗೆ ನಡೆದು ಬಂದವರು ಇವನಂಥವರೇ. ಇದನ್ನು ಹೇಳುವ ಒಂದು ಸಾಲೂ ಆ ಮಾತಿನೊಳಗೆ ಇಲ್ಲ. ಇಬ್ಬರೂ ಒಟ್ಟಿಗೆ ಒಂದೇ ಬೆಳಕಿನಲ್ಲಿ ನಿಂತಾಗ ಅದು ತಾನಾಗಿ ಕಾಣುತ್ತದೆ. ಸುಲ್ತಾನನ ದುಃಖ ಕಡಿಮೆಯಾಗುವುದಿಲ್ಲ. ಆದರೆ ಅದು ಇನ್ನೊಬ್ಬನ ಪಕ್ಕದಲ್ಲಿ ನಿಂತ ದುಃಖವಾಗುತ್ತದೆ.

ಸಿ.ಆರ್. ಸಿಂಹ ಅವರ ತುಘಲಕ್ ನೋಡಿದವರು ಇಂದಿಗೂ ಅವರ ದನಿಯನ್ನು ನೆನೆಯುತ್ತಾರೆ. ಇಬ್ರಾಹಿಂ ಅಲ್ಕಾಜಿ ಅದೇ ನಾಟಕವನ್ನು ದಿಲ್ಲಿಯ ಪುರಾನಾ ಕಿಲಾದ ಕಲ್ಲುಗಳ ನಡುವೆಯೇ ಆಡಿಸಿದರು, ಮನೋಹರ್ ಸಿಂಗ್ ಸುಲ್ತಾನರಾಗಿದ್ದರು. ಇಂಥ ಪ್ರಯೋಗಗಳ ಬಗ್ಗೆ ಹಿರಿಯರು ಹೇಳುವಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದೇ: ಆ ಕಾವಲಿನ ಹುಡುಗ ಹೇಗಿದ್ದ? ಯಾರಿಗೂ ನೆನಪಿರುವುದಿಲ್ಲ. ಅದು ಸಹಜವೇ. ಆದರೂ ಅವನು ಅಲ್ಲಿ ನಿಂತಿದ್ದರಿಂದಲೇ ಸುಲ್ತಾನನ ಮಾತು ಅವರಿಗೆ ಹಾಗೆ ಕೇಳಿಸಿರುತ್ತದೆ.

‘ತುಘಲಕ್’ನ ಕಟ್ಟಡವೇ ಕಣ್ಣಿಗಾಗಿ ಆದದ್ದು. ಶಿರಸಿಯ ಬಾಲ್ಯದಲ್ಲಿ ನೋಡಿದ ಕಂಪನಿ ನಾಟಕಗಳ ಕ್ರಮವನ್ನು ಇದರಲ್ಲಿ ಬಳಸಿಕೊಂಡದ್ದಾಗಿ ಕಾರ್ನಾಡರೇ ಹೇಳಿದ್ದಾರೆ. ಕಂಪನಿ ನಾಟಕದಲ್ಲಿ ಮುಂದಿನ ಪರದೆ ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ಪಾತ್ರಗಳು, ಬೀದಿಯ ಜನ. ಆ ಹೊತ್ತಿಗೆ ಹಿಂದೆ ಅರಮನೆಯ ಸೀನು ಸಿದ್ಧವಾಗುತ್ತಿರುತ್ತದೆ. ಪರದೆ ಎದ್ದರೆ ಆಳವಾದ ರಂಗದಲ್ಲಿ ರಾಜರು, ರಾಣಿಯರು. ‘ತುಘಲಕ್’ನಲ್ಲಿ ಅಗಸ ಅಜೀಜ ಶುರುವಾಗುವುದು ಆ ಕಿರಿದಾದ ಜಾಗದಲ್ಲಿ. ಸುಲ್ತಾನನ ಒಂದೊಂದು ಕಾನೂನನ್ನೂ ತನಗೆ ಬೇಕಾದ ಹಾಗೆ ತಿರುಚುತ್ತ, ವೇಷ ಬದಲಾಯಿಸುತ್ತ, ಕೊನೆಯ ದೃಶ್ಯದ ಹೊತ್ತಿಗೆ ಆಳದ ರಂಗಕ್ಕೇ ಬಂದು ಸುಲ್ತಾನನ ಎದುರು ನಿಂತುಬಿಡುತ್ತಾನೆ. ಪುಸ್ತಕದಲ್ಲಿ ಇವೆಲ್ಲ ದೃಶ್ಯ ಒಂದು, ದೃಶ್ಯ ಎರಡು, ದೃಶ್ಯ ಹದಿಮೂರು. ಎಲ್ಲವೂ ಒಂದೇ ಅಗಲದ ಪುಟ, ಒಂದೇ ಗಾತ್ರದ ಅಕ್ಷರ. ಬೀದಿಯವನು ಅರಮನೆಯೊಳಕ್ಕೆ ಕಾಲಿಟ್ಟ ಅನ್ನುವುದನ್ನು ಓದುಗ ಬುದ್ಧಿಯಿಂದ ತಿಳಿಯುತ್ತಾನೆ, ನೋಡುಗನಿಗೆ ಅದು ಕಾಲಿಡುವಾಗಲೇ ಗೊತ್ತಾಗುತ್ತದೆ.

ಓದಿನ ಪರವಾಗಿ ಅತಿ ಗಟ್ಟಿಯಾಗಿ ವಾದಿಸಿದವರಲ್ಲಿ ಇಂಗ್ಲೆಂಡಿನ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಒಬ್ಬ. ಷೇಕ್ಸ್‌ಪಿಯರನ ದುರಂತಗಳು ರಂಗಕ್ಕೆ ಒಗ್ಗುವುದಿಲ್ಲ, ಅದರಲ್ಲೂ ‘ಕಿಂಗ್ ಲಿಯರ್’ ಆಡಲು ಆಗದ ನಾಟಕ ಎಂದು 1811ರಲ್ಲಿ ಬರೆದ. ರಂಗದ ಮೇಲೆ ಕಾಣುವುದು ಕೋಲೂರಿಕೊಂಡು ತಡವರಿಸುವ ಒಬ್ಬ ಮುದುಕ, ಓದುವಾಗಲಾದರೆ ನಾವೇ ಲಿಯರ್ ಆಗುತ್ತೇವೆ, ಅವನ ಮನಸ್ಸಿನೊಳಗೇ ಇರುತ್ತೇವೆ ಅನ್ನುವುದು ಅವನ ವಾದ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಎಂಟನೆಯ ದೃಶ್ಯ ಓದುವಾಗ ನನಗೆ ಆದದ್ದೂ ಇದೇ ತಾನೇ. ಆದರೆ ಲ್ಯಾಂಬನ ಕಾಲದ ರಂಗ ಆಡುತ್ತಿದ್ದದ್ದು ಷೇಕ್ಸ್‌ಪಿಯರ್ ಬರೆದ ಲಿಯರ್ ಅಲ್ಲ, ನೇಹಮ್ ಟೇಟ್ 1681ರಲ್ಲಿ ತಿದ್ದಿ, ಲಿಯರ್‌ನ ಮಗಳು ಕಾರ್ಡೀಲಿಯಾಳನ್ನು ಬದುಕಿಸಿ, ಮದುವೆಯನ್ನೂ ಮಾಡಿಸಿ ಸುಖಾಂತ ಮಾಡಿದ್ದ ಪಠ್ಯ. ಲ್ಯಾಂಬ್ ಅದನ್ನು ಕಟುವಾಗಿ ಟೀಕಿಸಿದ್ದಾನೆ ಕೂಡ. ಹಾಗಾಗಿ ಅದನ್ನು ಬರೆಯುವ ಹೊತ್ತಿಗೆ, ಕೊನೆಯ ದೃಶ್ಯದಲ್ಲಿ ಸತ್ತ ಮಗಳನ್ನು ಎತ್ತಿಕೊಂಡು ಬರುವ ಲಿಯರ್‌ನನ್ನು ಅವನು ರಂಗದ ಮೇಲೆ ನೋಡಿರಲು ಸಾಧ್ಯವಿಲ್ಲ.

ಆ ದೃಶ್ಯದಲ್ಲಿ ಕಾರ್ಡೀಲಿಯಾಳಿಗೆ ಮಾತಿಲ್ಲ. ಪುಟದಲ್ಲಿ ಲಿಯರ್‌ನ ಗೋಳು ತುಂಬಿಕೊಂಡಿರುತ್ತದೆ, ಅವಳು ಆ ಗೋಳಿನ ವಿಷಯ ಮಾತ್ರ. ರಂಗದ ಮೇಲೆ ಅವಳು ಒಂದು ಭಾರ. ವಯಸ್ಸಾದ ನಟ ಅವಳನ್ನು ಹೊತ್ತು ತರಬೇಕು, ಕಾಲು ನಡುಗದ ಹಾಗೆ ನೆಲಕ್ಕೆ ಇಳಿಸಬೇಕು, ಅವಳ ತಲೆ ಒಂದು ಕಡೆ ವಾಲುತ್ತದೆ, ಕೂದಲು ನೆಲಕ್ಕೆ ಬೀಳುತ್ತದೆ. ಅವನ ಮಾತು ಎಷ್ಟೇ ಎತ್ತರಕ್ಕೆ ಹೋದರೂ ಆ ಮೈ ಅಲ್ಲೇ ಬಿದ್ದಿರುತ್ತದೆ. ಲಿಯರ್ ಆಗುವುದಕ್ಕೆ ಓದು ಬೇಕು, ನಿಜ. ಲಿಯರ್ ಮಾಡಿದ್ದರ ಫಲವನ್ನು ಕಣ್ಣೆದುರು ಇಟ್ಟುಕೊಳ್ಳುವುದಕ್ಕೆ ರಂಗವೇ ಬೇಕು.

ಅದೇ ಕವಿಯ ‘ಮೆಷರ್ ಫಾರ್ ಮೆಷರ್’ ನಾಟಕದ ಕೊನೆಯನ್ನೂ ಇಲ್ಲಿ ಹೇಳಬೇಕು. ಸನ್ಯಾಸಿನಿಯಾಗಲು ಹೊರಟಿದ್ದ ಇಸಬೆಲ್ಲಾಳನ್ನು ಡ್ಯೂಕ್ ಮದುವೆಯಾಗು ಎನ್ನುತ್ತಾನೆ. ಅವಳ ಉತ್ತರವಾಗಿ ಷೇಕ್ಸ್‌ಪಿಯರ್ ಒಂದು ಪದವನ್ನೂ ಬರೆದಿಲ್ಲ. ಓದುವವರು ಎಲ್ಲ ಕೊನೆಗೆ ಸರಿಹೋಯಿತು ಎಂದುಕೊಂಡು ಪುಸ್ತಕ ಮುಚ್ಚಬಹುದು. ಆಡುವವರಿಗೆ ಆ ಸೌಕರ್ಯವಿಲ್ಲ. ಅವಳು ಅಲ್ಲೇ ನಿಂತಿದ್ದಾಳೆ, ಕೈ ಕೊಡಬೇಕು, ಇಲ್ಲವೇ ಕೊಡಬಾರದು. 1970ರಲ್ಲಿ ಜಾನ್ ಬಾರ್ಟನ್ ಇದನ್ನು ಮಾಡಿಸಿದಾಗ ಇಸಬೆಲ್ಲಾ ಒಪ್ಪಿಕೊಳ್ಳಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಕೊನೆಗೆ ರಂಗದ ಮೇಲೆ ಒಬ್ಬಳೇ ಉಳಿದಳು. ಸುಮಾರು ನಾಲ್ಕು ನೂರು ವರ್ಷಗಳಿಂದ ಆ ಪಾತ್ರ ಮಾಡಿದ ಪ್ರತಿಯೊಬ್ಬರೂ ಆ ಜಾಗದಲ್ಲಿ ಏನಾದರೂ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಿದೆ. ಓದುಗರು ಆರಿಸಿಕೊಳ್ಳದೆಯೂ ದಾಟಬಹುದು.

ನಮ್ಮಲ್ಲಿ ನಾಟಕವನ್ನು ಓದುವ ಅಭ್ಯಾಸವೇ ಈಚಿನದು. ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಹದಿನೇಳನೆಯ ಶತಮಾನದ ಕೊನೆಗೆ ಬಂದದ್ದು. ಅದೂ ಸಂಸ್ಕೃತದ ‘ರತ್ನಾವಳಿ’ಯ ರೂಪಾಂತರ. ಆದರೆ ಊರೂರಲ್ಲಿ ರಾತ್ರಿಯಿಡೀ ಆಟ ನೋಡುವ ಪದ್ಧತಿ ಬೇರೂರಿತ್ತು. ಯಕ್ಷಗಾನದ ಪ್ರಸಂಗ ಪುಸ್ತಕ ಹಿಡಿದು ಓದಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಇರುವುದು ರಾಗ ತಾಳದ ಹೆಸರು, ಪದ್ಯ, ಮತ್ತೆ ಪದ್ಯ. ಅರ್ಥದ ಮಾತು, ಅಂದರೆ ಪಾತ್ರಗಳು ಆಡುವ ಮಾತು, ಒಂದೂ ಇಲ್ಲ. ಅದೆಲ್ಲ ಆ ರಾತ್ರಿ, ಆ ಅರ್ಥಧಾರಿಯ ಬಾಯಲ್ಲೇ ಹುಟ್ಟಬೇಕು.

ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಎದುರುಬದುರು ಕೂತವರು, ಹಿಂದೆ ಭಾಗವತರು, ಮದ್ದಳೆ, ಚೆಂಡೆ. ಹೊರಗಿನವರಿಗೆ ಅದು ಓದಿಗೆ ಹತ್ತಿರದ್ದು ಅನ್ನಿಸಬಹುದು, ಬರೀ ಮಾತು ತಾನೇ ಎಂದು. ನನ್ನ ಅನುಭವ ಬೇರೆ. ವಾಲಿಯ ಅರ್ಥ ಹೇಳುವವರು ರಾಮನ ಮೇಲೆ ಆರೋಪ ಹೊರಿಸುತ್ತ ಹೋದಂತೆ ನಾನು ರಾಮನಾಗಿ ಕೂತವರನ್ನೇ ನೋಡುತ್ತಿರುತ್ತೇನೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಒಮ್ಮೆ ಶಲ್ಯ ಸರಿಮಾಡಿಕೊಳ್ಳುತ್ತಾರೆ. ಎದುರಾಳಿ ಒಂದು ಹೊಸ ತರ್ಕ ಎತ್ತಿದಾಗ ಕಣ್ಣು ತೆರೆಯುತ್ತದೆ. ಮುಂದೆ ಬರುವ ಉತ್ತರ ಆ ಕ್ಷಣದಲ್ಲಿ ತಯಾರಾಗುತ್ತಿದೆ ಅನ್ನುವುದು ನಮಗೆ ಕಾಣುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಕೂಟಗಳ ಧ್ವನಿಸುರುಳಿ ಕೇಳಿ ನಾನು ಬಹಳ ಸಂತೋಷಪಟ್ಟಿದ್ದೇನೆ. ಅವರ ಮಾತಿನ ವರಸೆ ಅದರಲ್ಲಿ ಪೂರ್ತಿ ಸಿಗುತ್ತದೆ. ಸಿಗದೇ ಹೋಗುವುದು ಎದುರು ಕೂತವರ ಮೌನ.

ಈಗ ನಾಟಕಗಳ ವಿಡಿಯೋ ಬೇಕಾದಷ್ಟು ಸಿಗುತ್ತವೆ. ದೂರದ ಊರಿನಲ್ಲಿರುವ ಕನ್ನಡಿಗರಿಗೆ ಅದೊಂದು ದೊಡ್ಡ ಅನುಕೂಲ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕ್ಯಾಮೆರಾ ಮಾಡುವ ಕೆಲಸವನ್ನು ಗಮನಿಸಿ: ಯಾರು ಮಾತಾಡುತ್ತಾರೋ ಅವರ ಮುಖಕ್ಕೆ ಹೋಗುತ್ತದೆ, ಅವರ ಮಾತು ಮುಗಿದರೆ ಇನ್ನೊಬ್ಬರ ಮುಖಕ್ಕೆ. ಅಂದರೆ ಪುಸ್ತಕದ ಎಡಬದಿಯ ಹೆಸರಿನ ಕೆಲಸವನ್ನೇ ಅದೂ ಮಾಡುತ್ತದೆ. ಕೇಳುವವರು ಚೌಕಟ್ಟಿನ ಹೊರಗೆ ಉಳಿಯುತ್ತಾರೆ. ನಾಟಕದ ವಿಡಿಯೋ ನೋಡಿದವರು ತಾವು ನಾಟಕವನ್ನೇ ನೋಡಿದೆವು ಎಂದುಕೊಳ್ಳುತ್ತಾರೆ, ನನ್ನ ಪ್ರಕಾರ ಅದು ಒಂದು ಬಗೆಯ ಓದೇ. ಸಭಾಂಗಣದಲ್ಲಿ ಕೂತವರಿಗೆ ಮಾತ್ರ ಎಲ್ಲಿ ನೋಡಬೇಕು ಅನ್ನುವ ಸ್ವಾತಂತ್ರ್ಯ ಇದೆ. ರಂಗದ ಮೂಲೆಯಲ್ಲಿ ನಿಂತ ದಾಸಿಯನ್ನು ನಾಟಕದ ಉದ್ದಕ್ಕೂ ನೋಡುತ್ತ ಕೂರುತ್ತೇನೆ ಎಂದರೆ ತಡೆಯುವವರಿಲ್ಲ. ವಿಡಿಯೋ ತೆಗೆಯುವವರು ಒಂದು ಕ್ಯಾಮೆರಾವನ್ನಾದರೂ ಇಡೀ ರಂಗ ಕಾಣುವ ಹಾಗೆ ಅಲುಗಿಸದೆ ಇಟ್ಟು, ಸಂಕಲನದಲ್ಲಿ ಅದಕ್ಕೂ ಜಾಗ ಕೊಟ್ಟರೆ ಬಹಳ ಉಪಕಾರವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಓದು ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. ನಾಟಕ ಓದದಿದ್ದರೆ ನಾನು ಸೊರಗುತ್ತೇನೆ. ಒಂದು ಸಾಲಿನ ಮೇಲೆ ನಿಲ್ಲುವುದು, ಹಿಂದಕ್ಕೆ ಹೋಗುವುದು, ಎರಡನೆಯ ಅಂಕದಲ್ಲಿ ಬಂದ ಮಾತು ನಾಲ್ಕನೆಯದರಲ್ಲಿ ಬೇರೆ ಬಾಯಲ್ಲಿ ಹೇಗೆ ಬಂತು ಎಂದು ಪುಟ ತಿರುವಿ ನೋಡುವುದು, ಇವೆಲ್ಲ ಓದಿನಲ್ಲಿ ಮಾತ್ರ ಸಾಧ್ಯ. (ಕಂಪನಿ ನಾಟಕದ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿ ಆ ಹಕ್ಕನ್ನೂ ಪಡೆದುಕೊಂಡಿದ್ದರು. ಮೆಚ್ಚಿದ ಹಾಡು ಮತ್ತೆ ಕೇಳಬೇಕೆಂದರೆ ಕತೆ ಅಲ್ಲೇ ನಿಲ್ಲುತ್ತಿತ್ತು.) ಕೈಲಾಸಂ ಅವರ ನಾಟಕಗಳಲ್ಲಿ ಕನ್ನಡ, ಇಂಗ್ಲಿಷು ಒಂದರೊಳಗೊಂದು ಹೆಣೆದುಕೊಂಡು ಓಡುವ ಓಟದಲ್ಲಿ ಅರ್ಧ ಚಮತ್ಕಾರ ಸಭಾಂಗಣದ ನಗುವಿನಲ್ಲೇ ಮುಳುಗಿಹೋಗುತ್ತದೆ. ಓದಿದಾಗ ಅದು ಸಿಗುತ್ತದೆ. ಅದೂ ಗಟ್ಟಿಯಾಗಿ ಓದಿದಾಗ. ಅವರು ಬಹಳಷ್ಟನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದವರು.

ಮತ್ತೊಂದು ಕಾರಣವೂ ಇದೆ. ಒಳ್ಳೆಯ ಪ್ರಯೋಗ ಒಂದು ಆಯ್ಕೆ. ಒಬ್ಬ ಪದ್ಮಿನಿ, ಒಬ್ಬ ಸುಲ್ತಾನ, ಒಂದು ಬೆಳಕು. ಅದನ್ನು ನೋಡಿದ ಮೇಲೆ ಬಹುಕಾಲ ಬೇರೆ ಪದ್ಮಿನಿ ಕಣ್ಣಿಗೆ ಬರುವುದೇ ಇಲ್ಲ. ಆಗ ಪುಸ್ತಕಕ್ಕೆ ಮರಳಿದರೆ ‘ಹಯವದನ’ದ ಆ 1971ರ ಪಠ್ಯ ಇನ್ನೂ ಯಾರಿಗೂ ಸೇರದೆ, ಎಲ್ಲ ಪದ್ಮಿನಿಯರಿಗೂ ಜಾಗ ಇಟ್ಟುಕೊಂಡೇ ಇರುತ್ತದೆ. ನಾನು ಈಗ ನಾಟಕ ಓದುವ ರೀತಿಯೂ ಬದಲಾಗಿದೆ. ಪ್ರತಿ ದೃಶ್ಯದ ಮೊದಲಿಗೆ ಯಾರು ಯಾರು ರಂಗದ ಮೇಲಿದ್ದಾರೆ ಎಂದು ಪೆನ್ಸಿಲಿನಲ್ಲಿ ಪುಟದ ಮೇಲ್ಭಾಗಕ್ಕೆ ಬರೆದುಕೊಳ್ಳುತ್ತೇನೆ. ಓದುತ್ತ ಹೋದಂತೆ ಬಹಳ ಹೊತ್ತು ಮಾತಾಡದವರು ಯಾರು ಎಂದು ಆ ಪಟ್ಟಿಗೆ ಮರಳಿ ನೋಡುತ್ತೇನೆ. ಕೆಲವೊಮ್ಮೆ ನಾಟಕದ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ‘ತುಘಲಕ್’ನಲ್ಲಿ ಬರನಿ ಹಾಗೆ. ಅವನು ಇತಿಹಾಸ ಬರೆಯುವವನು. ಅವನ ಮುಂದೆ ನಡೆಯುವ ಪ್ರತಿಯೊಂದು ಕ್ರೌರ್ಯದಲ್ಲೂ ಅವನು ಏನು ಹೇಳಿದ ಅನ್ನುವುದಕ್ಕಿಂತ ಎಷ್ಟು ಹೊತ್ತು ಸುಮ್ಮನಿದ್ದ ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಕೊನೆಗೆ ಅವನು ಹೊರಟುಹೋದ ಮೇಲೆ ಸುಲ್ತಾನ ಸಿಂಹಾಸನದಲ್ಲೇ ನಿದ್ದೆಹೋಗುತ್ತಾನೆ. ಕೇಳುವವನೇ ಇಲ್ಲದ ಮೇಲೆ ಮಾತೂ ಇಲ್ಲ.

ಮೊದಲು ಓದಬೇಕೋ, ಮೊದಲು ನೋಡಬೇಕೋ ಎಂದು ಕಿರಿಯರು ಕೇಳುತ್ತಾರೆ. ಆಡುತ್ತಿರುವ ನಾಟಕವಾದರೆ ಮೊದಲು ನೋಡಿ, ಆಮೇಲೆ ಓದಿ, ಸಾಧ್ಯವಾದರೆ ಮತ್ತೊಂದು ತಂಡದ್ದು ನೋಡಿ ಎನ್ನುತ್ತೇನೆ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಅದೇ ಊರಿನ ಅಕ್ಷರ ಪ್ರಕಾಶನ ನಾಟಕಗಳನ್ನು ಅಚ್ಚು ಹಾಕುತ್ತಿದೆ. ನಾಟಕ ಮುಗಿದ ರಾತ್ರಿ ಹೊರಗಿನ ಮೇಜಿನ ಮೇಲಿಂದ ಅದರ ಪುಸ್ತಕ ಕೊಂಡು, ಬಸ್ಸಿನಲ್ಲಿ ಮೊಬೈಲಿನ ಬೆಳಕಿನಲ್ಲಿ ಓದಲು ಶುರುಮಾಡಿದವರಿಗೆ ನಾನು ಇಲ್ಲಿ ಹೇಳುತ್ತಿರುವುದು ಬೇಗ ತಿಳಿಯುತ್ತದೆ.

ಆಡುವುದು ಅಪರೂಪವಾದ ನಾಟಕಗಳ ಮಾತು ಬೇರೆ. ಅವನ್ನು ಓದಿಯೇ ಉಳಿಸಿಕೊಳ್ಳಬೇಕು. ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ ನನ್ನ ಮಟ್ಟಿಗೆ ಅಂಥದ್ದು. 1931ರ ನಾಟಕ, ಹದಿನೆಂಟು ದಿನದ ಯುದ್ಧ ಮುಗಿದ ಮೇಲಿನ ರಣರಂಗ. ಓದುಗಬ್ಬ ಎಂದು ಅದನ್ನು ಬದಿಗಿಡುವವರಿದ್ದಾರೆ, ಸರಳ ರಗಳೆಯ ಆ ಓಟವನ್ನು ನಟರ ನಾಲಿಗೆ ಹೇಗೆ ಹಿಡಿದೀತು ಎಂದು. ನನಗೆ ಆ ಆತಂಕ ಇಲ್ಲ. ನಮ್ಮ ನಟರು ಅದಕ್ಕಿಂತ ಕಷ್ಟದ್ದನ್ನು ಮಾಡಿದ್ದಾರೆ. ನಾನು ಅದನ್ನು ರಂಗದ ಮೇಲೆ ನೋಡಬೇಕೆನ್ನುವುದು ಬೇರೆ ಕಾರಣಕ್ಕೆ. ಓದುವಾಗ ಬದುಕಿರುವವರ ಮಾತು ಕೇಳಿಸುತ್ತದೆ, ಸುತ್ತ ಬಿದ್ದ ಹೆಣಗಳು ಮೊದಲ ಸಾಲುಗಳಲ್ಲಿ ಒಮ್ಮೆ ಕಂಡು ಆಮೇಲೆ ಮರೆತುಹೋಗುತ್ತವೆ. ಯಾವ ತಂಡವಾದರೂ ಇದನ್ನು ಕೈಗೆತ್ತಿಕೊಂಡರೆ, ಹೆಣಗಳಿಗೆ ಬಟ್ಟೆ ತುಂಬಿದ ಗೊಂಬೆಗಳನ್ನು ಹಾಕಬೇಡಿ, ನಟರನ್ನೇ ಮಲಗಿಸಿ. ನಾಟಕದ ಉದ್ದಕ್ಕೂ ಎಲ್ಲರೂ ಅಲ್ಲೇ ಇರಲಿ, ಕೃಷ್ಣನೇ ಬಂದರೂ ಅವರನ್ನು ದಾಟಿಕೊಂಡೇ ನಡೆಯಲಿ. ಅವರ ಎದೆ ಏರಿಳಿಯುವುದು ಮುಂದಿನ ಸಾಲಿನವರಿಗೆ ಕಂಡರೂ ಪರವಾಗಿಲ್ಲ.